ಬೋರಲಿಂಗನ ಹಳೆಯ ಗದೆ

ನದಿ ದಂಡೆಯ ಒಂದು ಊರಿನಲ್ಲಿ ಬೋರಲಿಂಗ ಎಂಬ ಪೈಲ್ವಾನನಿದ್ದ. ಪ್ರಾಯದಲ್ಲಿ ಅವನು ಗದೆ ತಿರುಗಿಸುವುದನ್ನು ನೋಡಲೆಂದೇ ಜನ ಗರಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಆಮೇಲೆ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿತು. ಬೆಳಿಗ್ಗೆ ಬೇಗ ಹೋಗಬೇಕಾಯಿತು. ನಾಳೆಯಿಂದ ಗರಡಿಗೆ ಹೋದರಾಯಿತು ಎಂದುಕೊಂಡ. ಹೀಗೆ ಅಂದುಕೊಳ್ಳುತ್ತಲೇ ತಲೆ ನರೆಯಿತು, ಹೊಟ್ಟೆ ಮುಂದೆ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಜನ ಮಾತ್ರ ಪೈಲ್ವಾನ್ ಎಂದೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಅವನ ಹೆಂಡತಿ ಸಣ್ಣತಾಯಿ. ಒಂದು ಬೇಸಿಗೆಯಲ್ಲಿ ಅವಳಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮಾತು ಉಳಿಯಿತು, ನಗುವೂ ಉಳಿಯಿತು. ಅಷ್ಟರಲ್ಲಿ ಗಿರಣಿ ಕೆಲಸ ಬಿಟ್ಟಿದ್ದ ಬೋರಲಿಂಗ ದಿನಾ ಬೆಳಿಗ್ಗೆ ಅವಳನ್ನು ಎತ್ತಿ ತಂದು ಜಗಲಿಯ ಮೇಲೆ ಕೂರಿಸುತ್ತಿದ್ದ. ಅವಳು ಕಂಬಕ್ಕೆ ಒರಗಿ ಕೂತು ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಿದ್ದಳು. ನೀರಿಗೆ ಹೋಗುವ ಹೆಂಗಸರನ್ನು ನಿಲ್ಲಿಸಿ ಸುದ್ದಿ ಕೇಳುತ್ತಿದ್ದಳು. ಬಿಸಿಲೇರಿದ ಮೇಲೆ ಅವನು ಅವಳನ್ನು ಒಳಗೆ ಕರೆತಂದು ಮಲಗಿಸುತ್ತಿದ್ದ. ಒಳಗಿನ ಕೋಣೆಗೆ ಕಿಟಕಿ ಇರಲಿಲ್ಲ. ಅವಳ ಪಾಲಿಗೆ ಉಳಿದಿದ್ದ ಊರೆಂದರೆ ಆ ಜಗಲಿ.

ಒಂದು ದಿನ ಹೊಸಿಲು ದಾಟುವಾಗ ಅವನ ಮೊಣಕಾಲು ಕುಸಿಯಿತು. ಗೋಡೆಗೆ ಆನಿಕೊಂಡಿದ್ದರಿಂದ ಇಬ್ಬರೂ ಬೀಳುವುದು ತಪ್ಪಿತು.

“ನೀವು ಕೆಡವಿದ ಪೈಲ್ವಾನರ ಸಾಲಿಗೆ ನನ್ನನ್ನೂ ಸೇರಿಸಬೇಡಿ,” ಎಂದು ಸಣ್ಣತಾಯಿ ನಕ್ಕಳು.

ಅವನಿಗೆ ನಗು ಬರಲಿಲ್ಲ. ಮರುದಿನವೇ ಗರಡಿಗೆ ಹೋದ.

ಗರಡಿಯಲ್ಲಿ ಉಸ್ತಾದ್ ಮುದ್ದಯ್ಯ ಇನ್ನೂ ಇದ್ದರು. ಬಹಳ ಮುದುಕರಾಗಿದ್ದರು. ಆ ಗರಡಿಗೆ ಒಂದು ಕಟ್ಟಳೆಯಿತ್ತು. ಯಾರೇ ಆಗಲಿ, ಬಹುಕಾಲ ಬಿಟ್ಟು ಮರಳಿ ಬಂದರೆ ಮೊದಲು ಕೈಗೆ ಗುದ್ದಲಿ ಕೊಡುತ್ತಿದ್ದರು. ಕುಸ್ತಿಯಾಡುವ ಕೆಮ್ಮಣ್ಣಿನ ನೆಲಕ್ಕೆ ಮಟ್ಟಿ ಎನ್ನುತ್ತಾರೆ. ಬಂದವನು ಆ ಮಟ್ಟಿಯನ್ನು ದಿನಾ ಸ್ವಲ್ಪ ಹೊತ್ತು ಅಗೆದು, ಹೆಂಟೆ ಪುಡಿ ಮಾಡಿ, ಮನೆಗೆ ಹೋಗಬೇಕು. ಎಷ್ಟೋ ದಿನಗಳ ಮೇಲೆ ಉಸ್ತಾದರು ಅವನ ಭುಜಕ್ಕೆ ತಾವೇ ಮಣ್ಣು ಹಚ್ಚುತ್ತಾರೆ. ಅಲ್ಲಿಯವರೆಗೆ ಭಾರ ಮುಟ್ಟುವಂತಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬ ಪೈಲ್ವಾನನ ಗದೆಯನ್ನು, ಅವನು ಗರಡಿ ಬಿಟ್ಟು ಹೋದರೂ, ಬೇರೆಯವರು ಎತ್ತುತ್ತಿರಲಿಲ್ಲ. ಹಾಗಾಗಿ ಬೋರಲಿಂಗನ ಕಲ್ಲಿನ ಗದೆ ಅವನು ಇಟ್ಟ ಮೂಲೆಯಲ್ಲೇ, ಧೂಳು ಹಿಡಿದು, ನಿಂತಿತ್ತು.

ಉಸ್ತಾದರು ಗುದ್ದಲಿ ಚಾಚಿದಾಗ ಬೋರಲಿಂಗನ ಮುಖ ಸಣ್ಣದಾಯಿತು.

“ನಾನೇನು ಹೊಸಬನಾ, ಉಸ್ತಾದ್?”

“ಹೊಸಬನಾಗಿದ್ದರೆ ನನಗೆ ಹೆದರಿಕೆ ಇರ್ತಿರಲಿಲ್ಲ ಕಣೋ. ಹೊಸಬನಿಗೆ ಹಳೇ ಮೈ ನೆನಪಿರೋದಿಲ್ಲ,” ಎಂದರು ಉಸ್ತಾದರು. “ಇನ್ನೂ ಸ್ವಲ್ಪ ಅಗೆಯಬಲ್ಲೆ ಅನ್ನಿಸಿದಾಗಲೇ ಗುದ್ದಲಿ ಇಟ್ಟು ಹೊರಡು.”

ತಾನು ಏಕೆ ಬಂದೆ ಎಂದು ಅವನು ಹೇಳಲಿಲ್ಲ. ಹೆಂಡತಿಯನ್ನು ಎತ್ತಲಾಗುತ್ತಿಲ್ಲ ಎಂದು ಗರಡಿಯಲ್ಲಿ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಕೆಲವು ದಿನ ತಲೆ ತಗ್ಗಿಸಿ ಅಗೆದ. ಉಸಿರು ಸ್ವಲ್ಪ ಹಗುರವಾಯಿತು. ಹೊಸಿಲ ಬಳಿ ಮೊಣಕಾಲು ನಡುಗುವುದೂ ಕಡಿಮೆಯಾಯಿತು. ಅದು ಗುದ್ದಲಿಯ ಗುಣ ಎಂದು ಅವನಿಗೆ ಹೊಳೆಯಲಿಲ್ಲ. ತನ್ನ ಹಳೆಯ ಬಲ ಒಳಗೇ ಇತ್ತು, ಈಗ ಎದ್ದಿದೆ ಎಂದುಕೊಂಡ. ಅದೇ ಹೊತ್ತಿಗೆ ಒಬ್ಬ ಹುಡುಗ ಪೈಲ್ವಾನ ತಮಾಷೆಗೆ, “ದೊಡ್ಡಪ್ಪ, ಆ ಮೂಲೇಲಿರೋ ಗದೆ ನಿಮ್ಮದಂತೆ, ನಿಜವೇ?” ಎಂದ. ಉಳಿದವರು ಬಾಯಿ ಮುಚ್ಚಿಕೊಂಡು ನಕ್ಕರು.

ಉಸ್ತಾದರು ನದಿಗೆ ಹೋಗಿದ್ದರು. ಬೋರಲಿಂಗ ಗುದ್ದಲಿ ಇಟ್ಟು, ಮೂಲೆಗೆ ಹೋಗಿ, ಗದೆಯ ಧೂಳನ್ನು ಪಂಚೆಯ ಚುಂಗಿನಿಂದ ಒರೆಸಿ ಎತ್ತಿದ. ಗದೆ ಎದ್ದಿತು. ಹೆಗಲ ಹಿಂದೆ ಹೋಗಿ, ಹಳೆಯ ದಾರಿಯಲ್ಲೇ ಸುತ್ತಿ ಮುಂದೆ ಬಂತು. ನಕ್ಕವರು ನಗು ನಿಲ್ಲಿಸಿದರು.

ಅಂದು ಅವನು ಮನೆಗೆ ಬಂದವನೇ ಸಣ್ಣತಾಯಿಯನ್ನು ಎತ್ತಿಕೊಂಡು, ಜಗಲಿಯನ್ನೂ ದಾಟಿ, ಬೀದಿ ತುದಿಯ ಅರಳಿಕಟ್ಟೆಯವರೆಗೆ ನಡೆದ. ಅವಳು ಆ ಮರವನ್ನು ನೋಡಿ ಎಷ್ಟೋ ಕಾಲವಾಗಿತ್ತು. ಎಲೆಗಳನ್ನೇ ನೋಡುತ್ತ ಕೂತಳು.

“ನಾಳೆ ಹೊಳೆ ತೋರಿಸ್ತೀರಾ?” ಎಂದು ಕೇಳಿದಳು.

“ತೋರಿಸ್ತೀನಿ.”

ಮರುದಿನ ಎದ್ದಾಗ ಅವನ ಭುಜ ಬಿಗಿದುಕೊಂಡಿತ್ತು. ಬೆರಳುಗಳು ಜೋಮು ಹಿಡಿದಿದ್ದವು. ಕೈ ಮೇಲೆತ್ತಿದರೆ ಒಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಗರಡಿಗೆ ಹೋದಾಗ ಉಸ್ತಾದರು ಅವನ ಕೈಯನ್ನು ನೋಡಿದರು, ಧೂಳಿಲ್ಲದ ಗದೆಯನ್ನೂ ನೋಡಿದರು. ಇವತ್ತು ಮಟ್ಟಿಯೂ ಬೇಡ, ಮನೆಗೆ ಹೋಗಿ ಬಿಸಿನೀರು ಹಾಕಿಕೊಂಡು ಮಲಗು ಎಂದರು. ಅವನು ತಲೆಯಾಡಿಸಿದ. ಆದರೆ ಒಂದು ದಿನ ಬಿಟ್ಟರೆ ಬಂದ ಬಲ ಹೋಗಿಬಿಡುತ್ತದೆ ಎಂಬ ಭಯ ಅವನಿಗೆ. ಹಿಂದೆ ಒಂದು ದಿನ ಎಂದುಕೊಂಡೇ ಬಿಟ್ಟಿದ್ದನಲ್ಲ. ಉಸ್ತಾದರು ಅತ್ತ ತಿರುಗಿದಾಗ ಗದೆಯನ್ನು ಎತ್ತಿದ. ಅದು ಹೆಗಲ ಹಿಂದೆ ಹೋಯಿತು. ಮುಂದೆ ಬರಲಿಲ್ಲ. ಭುಜದೊಳಗೆ ಏನೋ ಹರಿದ ಸದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿತು.

ವೈದ್ಯರು ಕೈಯನ್ನು ಎದೆಗೆ ಕಟ್ಟಿ, ಈ ತೋಳು ಇನ್ನು ಮೊದಲಿನಂತಾಗುವುದಿಲ್ಲ ಎಂದರು.

ಪಕ್ಕದ ಮನೆಯವರು ಒಳ್ಳೆಯವರು. ಕೆಲವು ದಿನ ಸಣ್ಣತಾಯಿಯನ್ನು ಕುರ್ಚಿ ಸಮೇತ ಎತ್ತಿ ಜಗಲಿಗೆ ತಂದರು. ಅವರಿಗೂ ಹೊಟ್ಟೆಪಾಡಿತ್ತು. ದಿನಾ ಕರೆಯಲು ಅವಳಿಗೇ ಸಂಕೋಚವಾಯಿತು. ಹೊರಗೆ ಬಿಸಿಲು ಜಾಸ್ತಿ ಎಂದಳು, ಮಳೆ ಬರುವ ಹಾಗಿದೆ ಎಂದಳು, ಕೊನೆಗೆ ಏನೂ ಹೇಳದೆ ಗೋಡೆಯ ಕಡೆಗೆ ಮುಖ ಮಾಡಿದಳು. ಸೊಪ್ಪಿನವಳು ಕೆಲವು ದಿನ ಬಾಗಿಲಲ್ಲಿ ಕೂಗಿದಳು. ಆಮೇಲೆ ಬೇರೆ ಬೀದಿ ಹಿಡಿದಳು.

ಒಂದು ಸಂಜೆ ಉಸ್ತಾದರು ಕೋಲೂರಿಕೊಂಡು ಮನೆಗೆ ಬಂದರು. ಮಂಚದ ಮೇಲಿದ್ದವಳನ್ನು ನೋಡಿದ ಮೇಲೆ ಅವರಿಗೆ ಎಲ್ಲವೂ ತಿಳಿಯಿತು. ಕೋಲನ್ನು ಗೋಡೆಗೆ ಒರಗಿಸಿ ಕೂತರು.

“ಇದನ್ನ ನನಗೆ ಹೇಳಬಾರದಿತ್ತೇನೋ?”

“ಹೇಳಿದ್ದರೆ ಗದೆ ಕೊಡ್ತಿದ್ದಿರಾ?”

“ಇಲ್ಲ. ಆಗಲೂ ಗುದ್ದಲಿಯನ್ನೇ ಕೊಡ್ತಿದ್ದೆ. ಆದರೆ ನಿನ್ನ ಪಕ್ಕ ನಾನೂ ನಿಂತು ಅಗೀತಿದ್ದೆ.”

ಹೊರಡುವಾಗ ಹೆಗಲ ಚೀಲದಿಂದ ಒಂದು ಪುಟ್ಟ ಮರದ ಗದೆ ತೆಗೆದು ಕೊಟ್ಟರು. ಗರಡಿಗೆ ಹೊಸದಾಗಿ ಸೇರುವ ಮಕ್ಕಳು ತಿರುಗಿಸುವಂಥದ್ದು. ಕಟ್ಟು ಬಿಚ್ಚಿದ ಮೇಲೆ ಶುರು ಮಾಡು ಎಂದರು. ಬೋರಲಿಂಗ ಈ ಸಲ ಮುಖ ಸಣ್ಣ ಮಾಡಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ದಿನಾ ಬೆಳಿಗ್ಗೆ, ಆ ಕಿಟಕಿಯಿಲ್ಲದ ಕೋಣೆಯಲ್ಲೇ, ಹೆಂಡತಿಯ ಎದುರು ನಿಂತು ಅದನ್ನು ತಿರುಗಿಸಿದ. ಮೊದಮೊದಲು ಸೊಂಟದ ಮಟ್ಟಕ್ಕೂ ಬರಲಿಲ್ಲ. ಅವನು ಹಲ್ಲು ಕಚ್ಚಿ ಇನ್ನೊಂದು ಸುತ್ತಿಗೆ ಹೊರಟರೆ ಅವಳು ಮಲಗಿದಲ್ಲಿಂದಲೇ ಗದರುತ್ತಿದ್ದಳು. “ಸಾಕು, ಇಡಿ. ಇವತ್ತಿಗೆ ಅಷ್ಟೇ.” ಅವನು ಇಡುತ್ತಿದ್ದ. ಮಳೆಗಾಲ ಪೂರ್ತಿ ಹೀಗೆ ಕಳೆಯಿತು. ಅವಳ ಊಟ ದಿನೇ ದಿನೇ ಕಡಿಮೆಯಾಗುತ್ತ ಬಂತು. ತುತ್ತು ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು.

ಮಳೆ ನಿಂತ ಒಂದು ಬೆಳಿಗ್ಗೆ ಅವನು ಬಗ್ಗಿ, ಸರಿಯಿದ್ದ ಕೈಯನ್ನು ಅವಳ ಬೆನ್ನಿಗೆ, ನೊಂದ ಕೈಯನ್ನು ಕಾಲಿಗೆ ಕೊಟ್ಟು ಮೆಲ್ಲಗೆ ಎದ್ದ. ಎತ್ತಲು ಆಯಿತು. ಹೊಸಿಲು ದಾಟಿ ಜಗಲಿಯಲ್ಲಿ ಕೂರಿಸಿದ.

“ನೋಡಿದಿರಾ, ನಿಮ್ಮ ಬಲ ಬಂತು,” ಎಂದಳು ಸಣ್ಣತಾಯಿ.

ಅವನು ಹೂಂ ಎಂದ. ಬಲ ಅಷ್ಟೊಂದು ಬಂದಿಲ್ಲವೆಂದು ಅವನ ತೋಳಿಗೆ ಗೊತ್ತಿತ್ತು. ಅವಳೇ ಅಷ್ಟು ಹಗುರವಾಗಿದ್ದಳು.

ಹೊಳೆಯವರೆಗೆ ಹೋಗುವುದು ಆಗಲೇ ಇಲ್ಲ. ಆ ಕಾರ್ತಿಕ ಮುಗಿಯುವುದರೊಳಗೆ ಸಣ್ಣತಾಯಿ ತೀರಿಕೊಂಡಳು.

ಬೋರಲಿಂಗ ಈಗಲೂ ಗರಡಿಗೆ ಹೋಗುತ್ತಾನೆ. ಬಹುಕಾಲ ಬಿಟ್ಟು ಯಾರಾದರೂ ಮರಳಿ ಬಂದರೆ ಗುದ್ದಲಿ ಕೊಡುವವನು ಅವನೇ. ಕೊಟ್ಟು, ಅವರ ಪಕ್ಕದಲ್ಲಿ ನಿಂತು ತಾನೂ ಅಗೆಯುತ್ತಾನೆ. ಅವರು ತಮ್ಮ ಹಳೆಯ ಗದೆಯಿರುವ ಮೂಲೆಯ ಕಡೆ ನೋಡಿದರೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಾನೆ.

ನೀತಿ

ಮಕ್ಕಳೇ, ಬಿಟ್ಟ ಅಭ್ಯಾಸವನ್ನು ಮತ್ತೆ ಹಿಡಿಯುವಾಗ, ಹಿಂದೆ ಎಲ್ಲಿ ಬಿಟ್ಟಿದ್ದಿರೋ ಅಲ್ಲಿಂದ ಶುರು ಮಾಡಬೇಡಿ. ಇಂದು ನಿಮ್ಮ ಮೈ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ. ಇನ್ನೂ ಶಕ್ತಿ ಉಳಿದಿರುವಾಗಲೇ ನಿಲ್ಲಿಸಿ, ನಾಳೆ ಮತ್ತೆ ಬನ್ನಿ. ಮೈ ನಿಧಾನವಾಗಿ ಕೊಟ್ಟದ್ದನ್ನು ಅವಸರ ಒಂದೇ ಗಳಿಗೆಯಲ್ಲಿ ಕಿತ್ತುಕೊಳ್ಳುತ್ತದೆ. ಅದರ ನಷ್ಟವನ್ನು ಎಷ್ಟೋ ಸಲ ಅನುಭವಿಸುವವರು ನಮ್ಮನ್ನು ನಂಬಿ ಒಳಗೆ ಕಾಯುತ್ತಿರುವವರು.