ಕಂಡಕ್ಟರಮ್ಮನ ನಾಯಿ ಮತ್ತು ಬೆಕ್ಕು

ಬಸ್ ಕಂಡಕ್ಟರ್ ಅಂಬುಜಾಕ್ಷಿ ಮನೆಯಲ್ಲಿ ಒಬ್ಬಳೇ. ಬೆಳಿಗ್ಗೆ ಆರಕ್ಕೆ ಹೊರಟರೆ ಮರಳುವುದು ಸಂಜೆ ಏಳಕ್ಕೆ. ಜೊತೆಗಿರಲೆಂದು ಒಂದು ನಾಯಿಯನ್ನು ತಂದು ಸಾಕಿಕೊಂಡಳು.

ಒಂದು ಸಂಜೆ ಬೀದಿಯ ಬೆಕ್ಕೊಂದು ಕಾಂಪೌಂಡಿನ ಮೇಲಿಂದ ಅವಳನ್ನು ತಡೆದು ಹೇಳಿತು: "ಅಮ್ಮಾ, ನೀನು ಹೋದ ಮೇಲೆ ನಿನ್ನ ನಾಯಿ ಅನ್ನ ಮುಟ್ಟುವುದಿಲ್ಲ. ನೀನು ಬರುವ ತನಕ ಬಾಗಿಲನ್ನೇ ನೋಡುತ್ತಾ ಕೂತಿರುತ್ತದೆ."

"ನನಗೇಕೆ ಹೇಳಲಿಲ್ಲ?" ಎಂದು ಅಂಬುಜಾಕ್ಷಿ ನಾಯಿಯನ್ನು ಕೇಳಿದಳು.

"ದಣಿದು ಬರುತ್ತೀಯಲ್ಲಮ್ಮಾ, ಅದಕ್ಕೇ ಸುಮ್ಮನಿದ್ದೆ," ಎಂದಿತು ನಾಯಿ.

ಮರುದಿನವೇ ಅದನ್ನು ಪಕ್ಕದ ಬೀದಿಯ ಟೈಲರ್ ಹುಸೇನಪ್ಪನ ಬಳಿಗೆ ಕರೆದೊಯ್ದಳು. ಅವನು ದಿನವಿಡೀ ಅಂಗಡಿ ಬಿಟ್ಟು ಕದಲುವವನಲ್ಲ.

"ನನ್ನಿಂದ ಏನು ತಪ್ಪಾಯಿತು?" ಎಂದು ನಾಯಿ ಕೇಳಿತು.

"ಏನೂ ಇಲ್ಲ ಮಗಾ. ನಿನಗೆ ಕಣ್ಣೆದುರಿಗೇ ಇರುವವರು ಬೇಕು. ನನ್ನ ಕೆಲಸ ಅದಕ್ಕೆ ಬಿಡುವುದಿಲ್ಲ."

ಹುಸೇನಪ್ಪ ಹೊಲಿಗೆ ಯಂತ್ರದ ಪಕ್ಕದಲ್ಲಿ ಬಟ್ಟೆ ಹಾಸಿದ. ಆ ಮಧ್ಯಾಹ್ನ ನಾಯಿ ಅವನ ಜೊತೆ ಹೊಟ್ಟೆ ತುಂಬ ಉಂಡು, ಅವನ ಪಾದದ ಮೇಲೆ ತಲೆಯಿಟ್ಟು ಮಲಗಿತು.

ಬರಿದಾದ ಮನೆಗೆ ಬೆಕ್ಕು ತಾನಾಗಿಯೇ ಬಂತು. "ನನ್ನನ್ನು ಇಟ್ಟುಕೋ. ಹಸಿದರೆ ಉಣ್ಣುತ್ತೇನೆ, ನಿದ್ದೆ ಬಂದರೆ ಮಲಗುತ್ತೇನೆ," ಎಂದಿತು. ಅವಳು ಒಪ್ಪಿದಳು.

ಮರುದಿನ ಬಸ್ಸು ತಡವಾಯಿತು. ಅಂಬುಜಾಕ್ಷಿ ಬಂದಾಗ ಬೆಕ್ಕು ಕಿಟಕಿಯಲ್ಲಿ ಕೂತಿತ್ತು.

"ನನ್ನ ದಾರಿ ಕಾಯುತ್ತಿದ್ದೆಯಾ?"

"ಇಲ್ಲ, ಹಲ್ಲಿ ನೋಡುತ್ತಿದ್ದೆ."

ಕಿಟಕಿಯಲ್ಲಿ ಹಲ್ಲಿ ಇರಲಿಲ್ಲ. ಆದರೆ ಬಟ್ಟಲಿನ ಹಾಲು ಖಾಲಿಯಾಗಿತ್ತು. ಅಂಬುಜಾಕ್ಷಿ ನಿರಾಳವಾಗಿ ಬೆಕ್ಕನ್ನು ಎತ್ತಿಕೊಂಡಳು.