ಬಿಸಿಲು ಕುಡಿದ ಹರಳು

"ಗುರುಗಳೇ, ನಿರ್ವಾಣಯ್ಯನನ್ನು ಪರೀಕ್ಷೆ ಮಾಡದೆ ಪಾಠ ಹೇಳಲು ಕೂರಿಸುವುದು ಸರಿಯೇ?" ಎಂದು ಚೆನ್ನವೀರ ಕೇಳಿದ.

ಅವನೂ ನಿರ್ವಾಣಯ್ಯನೂ ಮಠದಲ್ಲಿ ಒಟ್ಟಿಗೆ ಓದಿದವರು. ನಿರ್ವಾಣಯ್ಯ ಆರು ವರ್ಷ ಕುಷ್ಠರೋಗಿಗಳ ಕೇರಿಯಲ್ಲಿದ್ದು, ಅವರ ಹುಣ್ಣು ತೊಳೆದು, ಮೊನ್ನೆಯಷ್ಟೇ ಹಿಂದಿರುಗಿದ್ದ. ಶ್ಲೋಕ ಹೇಳುವಾಗ ಈಗ ನಡುನಡುವೆ ತಡವರಿಸುತ್ತಿದ್ದ. ಅವನಲ್ಲಿ ಮೊದಲಿನ ವಿದ್ಯೆ ಉಳಿದಿಲ್ಲ ಎಂಬುದು ಚೆನ್ನವೀರನ ದೂರು. ಚೆನ್ನವೀರನಾದರೋ ಮಠದ ಹೊಸ್ತಿಲು ದಾಟಿದವನಲ್ಲ, ಒಂದಕ್ಷರ ಮರೆತವನೂ ಅಲ್ಲ.

ಗುರುಗಳು ಚಾಪೆಯಲ್ಲಿ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟು ಕತೆ ಹೇಳಿದರು.

ಒಬ್ಬ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಅವಳ ಹತ್ತಿರ ನೇರಳೆ ಹರಳಿನ ಒಂದು ಜೊತೆ ಓಲೆ ಇತ್ತು. ಅಕ್ಕಸಾಲಿ ಬೊಗಸೆ ಹರಳು ಸುರಿದಾಗ, ದೀಪದ ಮುಂದೆ ಎಲ್ಲವೂ ಚೆಂದವೇ ಎಂದು, ಒಂದೊಂದನ್ನೂ ಬಾಗಿಲಿಗೆ ಒಯ್ದು ಹಗಲಿಗೆ ಹಿಡಿದು ಅವಳೇ ಆರಿಸಿದ್ದಳು. ಒಂದೇ ಕಲ್ಲಿನಿಂದ ಸೀಳಿದ ಎರಡು ಹರಳು. ಸಾಯುವಾಗ ಒಬ್ಬೊಬ್ಬಳಿಗೆ ಒಂದೊಂದು ಕೊಟ್ಟಳು. ಒಂಟಿ ಓಲೆಯನ್ನು ಯಾರು ಹಾಕಿಕೊಳ್ಳುತ್ತಾರೆ? ಅಕ್ಕ ತನ್ನದನ್ನು ಪದಕ ಮಾಡಿಸಿಕೊಂಡಳು, ತಂಗಿ ಉಂಗುರ ಮಾಡಿಸಿಕೊಂಡಳು.

ಅಕ್ಕನದು ವರ್ತಕರ ಮನೆ. ಒಡವೆ ಇಡುವ ಕ್ರಮ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಧ ಪೂಸಿ, ಹೂ ಮುಡಿದು, ಎಲ್ಲ ಮುಗಿದ ಮೇಲೆ ಪದಕ. ಮನೆಗೆ ಬಂದರೆ ಮೊದಲು ತೆಗೆಯುವುದೂ ಅದನ್ನೇ. ಹಳೆಯ ಪಂಚೆಯ ಮೆತ್ತನೆ ಚೂರಿನಿಂದ ಒರೆಸಿ, ಹತ್ತಿಯಲ್ಲಿ ಸುತ್ತಿ, ಕರಡಿಗೆಯಲ್ಲಿ ಇಟ್ಟುಬಿಡುವಳು. ತಪ್ಪೇನಿಲ್ಲ, ಒಡವೆ ಬಾಳುವುದು ಹಾಗೆಯೇ. ತಂಗಿಯನ್ನು ಕೊಟ್ಟದ್ದು ಸಮುದ್ರದ ದಂಡೆಗೆ, ಉಪ್ಪು ಬೆಳೆಯುವವರ ಮನೆಗೆ. ಇಪ್ಪತ್ತು ವರ್ಷ ಅವಳು ಬಿಸಿಲಲ್ಲಿ ನಿಂತು ಉಪ್ಪು ಎಳೆದಳು. ಉಂಗುರ ಕೈಯಲ್ಲೇ ಇತ್ತು.

ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಅಜ್ಜಿಯ ಓಲೆ ಮತ್ತೆ ಜೋಡಿಯಾಗಲಿ ಎಂದು ಅಕ್ಕ ಹೇಳಿಕಳಿಸಿದಳು. ತಂಗಿ ಖುಷಿಯಿಂದ ಬಂದು ಕೈ ಚಾಚಿದಳು. ಹರಳು ನೀರಿನ ಹಾಗೆ ಬೆಳ್ಳಗಿತ್ತು.

"ಅಮ್ಮನ ಹರಳು ಮಾರ್ಕೊಂಡು ಗಾಜು ಇಡಿಸ್ಕೊಂಡ್ಯಾ?" ಎಂದಳು ಅಕ್ಕ.

"ಒಂದಿನಾನೂ ತೆಗೆದಿಲ್ಲ ಅಕ್ಕಾ. ಇದು ಬೆರಳಲ್ಲಿದ್ರೆ ಅಮ್ಮ ಕೈ ಹಿಡ್ಕೊಂಡ ಹಾಗಿರ್ತಿತ್ತು."

ದಿನವೂ ನೋಡುವ ಕಣ್ಣಿಗೆ ಬಣ್ಣ ಇಳಿದದ್ದು ತಿಳಿದೇ ಇರಲಿಲ್ಲ. ಅಕ್ಕ ನಂಬಲಿಲ್ಲ. ಪದಕವನ್ನೂ ಹಿಡಿದುಕೊಂಡು ಇಬ್ಬರೂ ಅಕ್ಕಸಾಲಿಯ ಹತ್ತಿರ ಹೊರಟರು. ಅವನು ಗಾಜು ಎಂದುಬಿಟ್ಟರೆ ತಂಗಿಗೆ ತವರೆಂದು ಉಳಿದಿದ್ದ ಆ ಒಂದು ಮನೆಯ ಬಾಗಿಲೂ ಮುಚ್ಚಿದ ಹಾಗೆ.

ಮುದುಕ ಅಕ್ಕಸಾಲಿ ಹರಳನ್ನು ತುಟಿಗೆ ಮುಟ್ಟಿಸಿಕೊಂಡ. ಗಾಜಾದರೆ ಬೇಗ ಬೆಚ್ಚಗಾಗುತ್ತದೆ, ಇದು ತಣ್ಣಗೇ ಇತ್ತು. ಕಲ್ಲೇ ಎಂದ. ಹಾಗಾದರೆ ಬೇರೆ ಯಾವುದೋ ಬಿಳಿ ಕಲ್ಲಿರಬೇಕು ಎಂದಳು ಅಕ್ಕ. ಅವನು ಸಣ್ಣ ಉಳಿಯಿಂದ ಹರಳನ್ನು ಹಿಡಿದಿದ್ದ ಚಿನ್ನದ ಅಂಚನ್ನು ಎಬ್ಬಿಸಿ, ಹರಳನ್ನು ಅಂಗೈಗೆ ಬೀಳಿಸಿಕೊಂಡ. ಚಿನ್ನ ಮುಚ್ಚಿದ್ದ ಸುತ್ತಂಚಿನಲ್ಲಿ, ಬಿಸಿಲು ತಾಗದ ಜಾಗದಲ್ಲಿ, ಕೂದಲೆಳೆಯಷ್ಟು ನೇರಳೆ ಉಳಿದಿತ್ತು. ನಡುವೆ ಎಲ್ಲ ಬರೀ ಬೆಳಕು.

ಅವನು ಐವತ್ತು ವರ್ಷ ಹರಳು ಕೂರಿಸಿದವನು. ಬಿಸಿಲಿಗೆ ಈ ಹರಳು ಮಾಸುತ್ತದೆ, ಜೋಪಾನ ಎಂದು ಬಂದವರಿಗೆಲ್ಲ ಹೇಳಿದವನು. ಇಷ್ಟು ಬಿಸಿಲು ಕುಡಿದ ಹರಳನ್ನು ಅವನೂ ಕಂಡಿರಲಿಲ್ಲ. ಎದ್ದು ನಿಂತು, ಹರಳಿದ್ದ ಅಂಗೈಯನ್ನು ಹಣೆಗೆ ಮುಟ್ಟಿಸಿಕೊಂಡ. ಅಂಗಡಿಯಲ್ಲಿ ಕೂತಿದ್ದವರೂ ಎದ್ದರು. ಏಕೆಂದು ಅವರಿಗೆ ಗೊತ್ತಿರಲಿಲ್ಲ, ಕೂತಿರಲು ಮನಸ್ಸು ಬರಲಿಲ್ಲ ಅಷ್ಟೇ. ಅಕ್ಕ ಪದಕ ಹಿಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಚೆನ್ನವೀರನಿಗೆ ಮೈ ಜುಮ್ಮೆಂದಿತ್ತು. ಆದರೂ ಹಟ ಬಿಡುವ ಆಸಾಮಿಯಲ್ಲ. ನಿರ್ವಾಣಯ್ಯನೂ ಅಂಥ ಹರಳೇ ಇರಬಹುದು, ಆದರೆ ಅಕ್ಕಸಾಲಿ ಬಿಚ್ಚಿ ನೋಡಿದ ಮೇಲೆ ತಾನೇ ನಿಜ ತಿಳಿದದ್ದು, ಆದ್ದರಿಂದ ಪರೀಕ್ಷೆ ಆಗಲೇಬೇಕು ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ಆಗಲಿ, ಕರೆದುಕೊಂಡು ಬಾ, ಅಲ್ಲಿ ಯಾರ ಬಣ್ಣ ಬಯಲಾಗುತ್ತದೆ ಎಂಬುದಕ್ಕೆ ಮಾತ್ರ ನಾನು ಹೊಣೆಯಲ್ಲ."