ಬೆಟ್ಟಯ್ಯನ ಮೌನ

ಆಚೆ ದಡದ ಊರಿಗೆ ಹೋಗಿದ್ದ ಗುರುಗಳು ಬೆಳಗಿನ ದೋಣಿಯಲ್ಲಿ ಆಶ್ರಮಕ್ಕೆ ಮರಳಿದರು. ಹೊಳೆಯ ಮೇಲೆ ಮಂಜು. ನೀರೆಲ್ಲಿ ಮುಗಿಯಿತು, ದಡವೆಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ.

ಮೆಟ್ಟಿಲ ಬಳಿ ಶಿಷ್ಯ ಮರಿಸಿದ್ಧ ಕಾದಿದ್ದ. ಅವನ ಮುಖ ಅರಳಿತ್ತು.

“ಬುದ್ಧಿ, ನಮ್ಮ ಬೆಟ್ಟಯ್ಯ ಗೆದ್ದುಬಿಟ್ಟ!”

ಬೆಟ್ಟಯ್ಯ ಅವನ ಓರಗೆಯ ಶಿಷ್ಯ, ಗೆಳೆಯ.

“ಏನು ಗೆದ್ದ?”

“ದೇಹಾನೇ. ಉಪವಾಸ ಬಿಟ್ಟ ಮೇಲೆ ನಿನ್ನೆಯೆಲ್ಲ ಒಂದೇ ಸಮನೆ ವಾಂತಿ. ಗುಟುಕು ನೀರೂ ನಿಲ್ಲಲಿಲ್ಲ. ಒಳಗಿನ ಕಲ್ಮಶ ಹೋಗ್ಲಿ ಅಂತ ಸುಮ್ನಿದ್ವಿ. ಈಗ ವಾಂತಿ ನಿಂತಿದೆ. ಮಾತಿಲ್ಲ, ನೀರು ಕೇಳಲ್ಲ. ಅಂಥ ಧ್ಯಾನ ನಾನು ಕಂಡಿಲ್ಲ, ಬುದ್ಧಿ.”

ಗುರುಗಳು ಓಡಿದರು. ಅವರು ಓಡಿದ್ದನ್ನು ಮರಿಸಿದ್ಧ ಎಂದೂ ನೋಡಿರಲಿಲ್ಲ.

ಬೆಟ್ಟಯ್ಯ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಕಣ್ಣು ಗುಳಿಬಿದ್ದಿತ್ತು. ಊದುಬತ್ತಿ ಹಚ್ಚುವುದನ್ನು ಮಾತ್ರ ಯಾರೂ ಮರೆತಿರಲಿಲ್ಲ. ಹೊಗೆ, ಮಂಜು ಸೇರಿ ಕೋಣೆಯೇ ತೇಲುತ್ತಿರುವಂತಿತ್ತು.

ಗುರುಗಳು ಅವನ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಮಡಿಕೆ ಹಾಗೇ ನಿಂತಿತು. ನಾಲಗೆ ಒಣಗಿತ್ತು.

“ಬೆಟ್ಟಯ್ಯಾ!”

ರೆಪ್ಪೆ ಮಾತ್ರ ಅಲುಗಿತು.

ಮರಿಸಿದ್ಧ ಚೊಂಬಿನಲ್ಲಿ ನೀರು ತಂದು ಗೆಳೆಯನ ಬಾಯಿಗೆ ಹಿಡಿದ. ಗುರುಗಳು ಅವನ ಕೈ ತಡೆದರು.

“ಎಚ್ಚರ ಇಲ್ಲದೋನಿಗೆ ಸುರಿದ್ರೆ ನೀರು ಉಸಿರಿಗೆ ಹೋಗುತ್ತೆ. ಮಗ್ಗುಲಿಗೆ ಹೊರಳಿಸು. ಗುಟುಕು ಗುಟುಕಾಗಿ ಉಪ್ಪು ಸಕ್ಕರೆ ನೀರು ಕುಡಿಸೋ ಹೊತ್ತು ನಿನ್ನೆ ಇತ್ತು. ಈಗ ಎಲ್ಲಾ ಸೇರಿ ದೋಣಿಗೆ ಹೊರಿ.”

ದೋಣಿ ಮಂಜಿನೊಳಗೆ ಸಾಗಿತು. ಹುಟ್ಟಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಗೆಳೆಯನ ತಲೆಗೆ ತೊಡೆ ಕೊಟ್ಟು ಕೂತ ಮರಿಸಿದ್ಧ ಅಳುತ್ತಿದ್ದ.

“ಹೋಗ್ತಿರೋ ಜೀವಕ್ಕೆ ಕೈಮುಗಿದು ಕೂತಿದ್ನಲ್ಲ, ಬುದ್ಧಿ.”

ಗುರುಗಳು ಬೆಟ್ಟಯ್ಯನ ಉಸಿರನ್ನೇ ಆಲಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎರಡೂ ಕೈಗೆ ಡ್ರಿಪ್ ಹಾಕಿದರು.

“ಮೈಯಲ್ಲಿ ನೀರೂ ಇಲ್ಲ, ಲವಣವೂ ಇಲ್ಲ, ಸ್ವಾಮೀಜಿ. ಕಿಡ್ನಿಗೆ ಏಟು ಬಿದ್ದಿರಬಹುದು. ಮೂತ್ರ ಬರೋವರೆಗೂ ನಾನು ಏನೂ ಹೇಳಲಾರೆ.”

ಸಂಜೆ ಬೆಟ್ಟಯ್ಯ ಕಣ್ಣು ತೆರೆದ. ನೋಟ ಇನ್ನೂ ದೂರದಲ್ಲೆಲ್ಲೋ ಇತ್ತು.

“ಬುದ್ಧಿ, ಬೆಳಕು ಕಂಡೆ. ಬೆಳ್ಳಗೆ, ಕೊನೆಯೇ ಇಲ್ಲದ ಬೆಳಕು. ಅದರೊಳಗಿಂದ ಯಾರೋ ನನ್ನ ಕರೆದ್ರು.”

ಮರಿಸಿದ್ಧನಿಗೆ ರೋಮಾಂಚನವಾಯಿತು.

“ಯಾರು ಬುದ್ಧಿ ಅದು? ದೇವರಾ?”

ಗುರುಗಳು ಬೆಟ್ಟಯ್ಯನ ಹಣೆ ಸವರಿದರು. ಅವರ ಕಣ್ಣು ತುಂಬಿತ್ತು.

“ಅದು ಹಾಗಿರಲಿ ಮಗಾ. ಒಂದಕ್ಕೆ ಬರ್ತಿದ್ಯಾ?”